ಸಿರುಗುಪ್ಪದ ಬಿಸಿಲಿಗೆ ಹೊಲಿಸಿದ ಅಂಗಿ

ಮೊನ್ನೆ ಬಳ್ಳಾರಿಯ ಪಾರ್ವತಿನಗರದ ಅಂಗಡಿಯವನು ತುಂಬುತೋಳಿನ ಆಟದ ಅಂಗಿಯೊಂದನ್ನು ಹರಡಿ, "ಬಿಸಿಲು ತಡಿಯೋ ಬಟ್ಟೀರಿ ಮೇಡಂ, ಹೊಸದಾಗಿ ಬಂದೈತಿ" ಅಂದ. ಹೊಸದಾಗಿ! ಎಪ್ಪತ್ತರ ದಶಕದಲ್ಲೇ ಅಂಥದ್ದೊಂದನ್ನು ತೊಟ್ಟು ಓಡಿದವಳ ಮುಂದೆ ಈ ಮಾತು. ಅವನಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ಆಗ ನಾನು ಇದೇ ಬಳ್ಳಾರಿಯಲ್ಲಿ ಕಾಲೇಜು ಓದುತ್ತಿದ್ದೆ. ಓದಿದ್ದಕ್ಕಿಂತ ಖೋ ಖೋ ಆಡಿದ್ದೇ ಹೆಚ್ಚು. ಕುರುಗೋಡಿನಲ್ಲಿ ಒಂದು ಮಧ್ಯಾಹ್ನ ಆಡಿ ಬಂದವಳಿಗೆ ತೋಳು, ಕುತ್ತಿಗೆಯ ಮೇಲೆಲ್ಲ ಗುಳ್ಳೆ ಎದ್ದು ಜ್ವರ ಬಂತು. ಅವ್ವ ಒದ್ದೆ ಬಟ್ಟೆ ಹಾಕುತ್ತಲೇ ತೀರ್ಪು ಕೊಟ್ಟಳು: "ಆಟ ಸಾಕಲೇ. ಮೈ ಸುಟ್ಟುಕೊಂಡು ಆಡೋದೇನೈತಿ?"

ಮುಂದಿನ ಪಂದ್ಯ ಸಿರುಗುಪ್ಪದಲ್ಲಿತ್ತು. ಬಿಡುವ ಪೈಕಿ ನಾನಲ್ಲ. "ಬಿಸಿಲು ತಾಗದಂಥ ಅಂಗಿ ಹೊಲಿಸ್ತೀನಿ. ಆಗಲೂ ಗುಳ್ಳಿ ಎದ್ರ ನೀ ಹೇಳ್ದಂಗ ಕೇಳ್ತೀನಿ" ಅಂದೆ.

"ನಾನೂ ಬರ್ತೀನಿ ಸಿರುಗುಪ್ಪಕ್ಕ. ನನ್ನ ಕಣ್ಣಿಂದನ ನೋಡ್ತೀನಿ" ಅಂದಳು ಅವ್ವ.

ನಮ್ಮ ನಾಯಕಿ ನಾಗರತ್ನಳನ್ನು ಕರೆದುಕೊಂಡು ಬಟ್ಟೆ ಆರಿಸಲು ಕೌಲ್ ಬಜಾರಿಗೆ ಹೋದೆ. ಎಲ್ಲರಿಗೂ ಟೆರಿಲಿನ್ ಹುಚ್ಚು ಹಿಡಿದಿದ್ದ ಕಾಲ ಅದು. ಆದರೆ ಬೆವರಿದರೆ ಅದು ಮೈಗೆ ಅಂಟಿಕೊಳ್ಳುತ್ತಿತ್ತು. ಖಾದಿ ನೆನೆದರೆ ಭಾರ. ತೆಳ್ಳನೆಯ ಮಲ್ಲಿನ ಬಟ್ಟೆಯನ್ನು ಬಾಗಿಲ ಬೆಳಕಿಗೆ ಹಿಡಿದರೆ ಬೀದಿಯ ಟಾಂಗಾ, ಕುದುರೆ, ಕುದುರೆಯ ಬಾಲ ಎಲ್ಲವೂ ಕಂಡವು. ಇಷ್ಟು ಕಂಡಮೇಲೆ ಸೂರ್ಯನಿಗೆ ನಾನು ಕಾಣದಿರುತ್ತೇನೆಯೇ? ಕೊನೆಗೆ ಒತ್ತಾದ ನೇಯ್ಗೆಯ ತಿಳಿನೀಲಿ ಪಾಪ್ಲಿನ್ ಆರಿಸಿದೆ. ಹಗುರವಾಗಿತ್ತು, ಅದರೊಳಗಿಂದ ಟಾಂಗಾ ಬರೀ ನೆರಳಾಗಿತ್ತು.

ದರ್ಜಿಯ ಅಂಗಡಿಯಲ್ಲಿ ಹೊಸ ತಕರಾರು. ತೋಳು ಬಿಗಿಯಾದರೆ ಓಡಲಾಗದು, ತೀರ ಸಡಿಲವಾದರೆ ಅಟ್ಟಿಸಿಕೊಂಡು ಬರುವವಳ ಕೈಗೆ ಸಿಗುತ್ತದೆ. ಇದನ್ನು ವಿವರಿಸಲು ಹೋಗಿ, ಅಲ್ಲೇ ಬಗ್ಗಿ ಹೊರಳಿ ತೋರಿಸಿದೆ. ಗುಂಡಿಗಳ ಡಬ್ಬಿ ಉರುಳಿತು. "ಅರೆ ಅಮ್ಮಾ, ಅಂಗಿ ಹೊಲಿಯೋತನಕ ತಡೀರಿ, ಆಮ್ಯಾಲೆ ಆಡೀರಂತೆ!" ಎಂದು ದರ್ಜಿ ನಕ್ಕ. ಮಣಿಕಟ್ಟಿಗೆ ಗುಂಡಿ, ಕುತ್ತಿಗೆ ಮುಚ್ಚುವ ಕಾಲರು, ಕೈ ಎತ್ತಲು ಸಲೀಸಾಗುವಂತೆ ಕಂಕುಳಲ್ಲೊಂದು ಚೌಕದ ತುಂಡು, ಎಲ್ಲ ನಾನು ಹೇಳಿದಂತೆಯೇ ಆಯಿತು.

ಸಿರುಗುಪ್ಪದ ಮೈದಾನದಲ್ಲಿ ಅಂಪೈರು ನನ್ನನ್ನು ತಡೆದರು. "ನಿಮ್ಮ ಟೀಮಿನವರದೆಲ್ಲ ಹಳದಿ ಅಂಗಿ. ನೀಲಿ ಹಾಕ್ಕೊಂಡು ಆಡಾಕ ಬರಂಗಿಲ್ಲಮ್ಮ."

ಅವ್ವ ಬೇವಿನ ಮರದ ಕೆಳಗೆ ಕೂತು ನೋಡುತ್ತಿದ್ದಳು. ನೀಲಿ ಬಿಚ್ಚಿದರೆ ಇದೇ ನನ್ನ ಕಡೆಯ ಆಟ. ಬಿಚ್ಚದಿದ್ದರೆ ಇವತ್ತಿನ ಆಟವೂ ಇಲ್ಲ. ಚೀಲದಿಂದ ತಂಡದ ಅರ್ಧತೋಳಿನ ಹಳದಿ ಅಂಗಿ ತೆಗೆದು ನೀಲಿಯ ಮೇಲೆಯೇ ತೊಟ್ಟು ಬಂದೆ.

"ಈಗ ಹಳದಿ ಐತಲ್ರಿ ಸರ್?"

ಅವರು ನಗು ತಡೆದುಕೊಂಡು ಸೀಟಿ ಊದಿದರು. ಜನ ಮಾತ್ರ ತಡೆದುಕೊಳ್ಳಲಿಲ್ಲ. "ಈಕಿಗೆ ಚಳಿ ಹತ್ತೈತಿ, ಕಂಬಳಿ ತರ್ರಿ!" ಎಂದು ಯಾರೋ ಕೂಗಿದರು. ಎರಡು ಅಂಗಿಯೊಳಗೆ ಬೆವರು ಧಾರಾಕಾರ. ಆದರೂ ಅಟ್ಟುವವರ ಕೈಗೆ ಸಿಗದೆ ಸಮಯ ಮುಗಿಯುವವರೆಗೂ ಸುತ್ತಿದೆ. ಮುಚ್ಚಿಡುವುದೇಕೆ, ಪಂದ್ಯವನ್ನು ನಾವು ಸೋತೆವು.

ವಾಪಸು ಬಸ್ಸಿನಲ್ಲಿ ಅವ್ವ ನನ್ನ ಅಂಗಿಯ ತೋಳು ಮಡಚಿ ಮೊಣಕೈತನಕ ನೋಡಿದಳು, ಕಾಲರು ಸರಿಸಿ ಕುತ್ತಿಗೆ ನೋಡಿದಳು. ಒಂದು ಗುಳ್ಳೆಯೂ ಇಲ್ಲ. ಆಮೇಲೆ ಮುಂದಿನ ಸೀಟಿನ ನಾಗರತ್ನಳ ಕೆಂಪೇರಿದ ಕೈ ಕಂಡು, "ನೀನೂ ಒಂದು ಹೊಲಿಸವ್ವಾ" ಅಂದಳು. ಊರು ಹತ್ತಿರವಾದಾಗ ನನ್ನ ಕಡೆ ತಿರುಗಿದಳು: "ಮುಂದಿನ ಆಟ ಎಲ್ಲೈತಿ?"

ಇಷ್ಟೆಲ್ಲ ನೆನಪಾದದ್ದಕ್ಕೋ ಏನೋ, ನಿನ್ನೆ ಪಕ್ಕದ ಮನೆಯ ಗಿರಿಜಾ, "ಮಗಳು ಕಪ್ಪಗಾಗ್ತಾಳಂತ ಆಟ ಬಿಡಿಸೀನಿ ಆಂಟಿ" ಅಂದಾಗ ಸುಮ್ಮನಿರಲಾಗಲಿಲ್ಲ. ಬೇರೆ ದಿನವಾಗಿದ್ದರೆ ಹೂಂ ಅನ್ನುತ್ತಿದ್ದೆ. "ನಾಳಿ ಆಕಿನ್ನ ಮೈದಾನಕ್ಕ ಕಳಿಸವ್ವಾ. ಬಿಸಿಲಿನ ಚಿಂತಿ ನನಗ ಬಿಡು" ಅಂದೆ. ಇವತ್ತು ಆ ಹುಡುಗಿಗೆ ತುಂಬುತೋಳಿನ ಅಂಗಿ ತೊಡಿಸಿ ಇಬ್ಬರೂ ಆಡಿ ಬಂದೆವು. ಮೊಣಕಾಲು ನೋಯುತ್ತಿದೆ. ನಾಳೆಯೂ ಹೋಗುತ್ತೇನೆ.