ಗುಂಡನ ಊಟ ವಿಚಾರಿಸುವವರು

ಗೆಳೆಯರೇ, ನಮ್ಮ ಮೊಲ ಗುಂಡನಿಗೆ ಬೇಜಾರಂತೆ. ವೈಟ್ಟಿಲದ ಮನೆ ಬಿಟ್ಟು ಕೇರಳದಲ್ಲೇ ಇನ್ನೊಂದು ಊರಾದ ಕಳಕ್ಕೂಟಕ್ಕೆ ಬಂದು ಎರಡು ವಾರವಾಯಿತು. ಅಂದಿನಿಂದ ಗೋಡೆಗೆ ಮುಖ ಮಾಡಿ ಮುದುಡಿ ಕೂರುತ್ತಾನೆ, ಹುಲ್ಲು ಅರ್ಧ ಬಿಡುತ್ತಾನೆ. ಇವತ್ತು ಡಾಕ್ಟರು ಹಲ್ಲು, ಹೊಟ್ಟೆ ಎಲ್ಲ ನೋಡಿ ಕಾಯಿಲೆ ಏನೂ ಇಲ್ಲವೆಂದರು. ಹಳೆಯ ಮನೆಯಲ್ಲಿ ಇವನನ್ನು ಮಾತಾಡಿಸುತ್ತಿದ್ದವರು ಯಾರು ಎಂದು ಕೇಳಿದರು.

"ನಾನೇ! ಅಚ್ಚ ಕನ್ನಡದಲ್ಲಿ," ಎಂದೆ ಜಂಬದಿಂದ.

"ಅಲ್ಲ, ಅಮ್ಮಚ್ಚಿಯಾ," ಎಂದು ಮಗಳು ಮಲಯಾಳದಲ್ಲಿ ತಿದ್ದಿದಳು. ನಾನು ಆಫೀಸಿಗೆ ಹೋದ ಮೇಲೆ ಪಕ್ಕದ ಮನೆಯ ಅಮ್ಮಚ್ಚಿ, ಅಂದರೆ ಅಜ್ಜಿ, ದಿನವೂ ಕೊತ್ತಂಬರಿ ದಂಟು ಹಿಡಿದು ಬಂದು ಅವನ ಹತ್ತಿರ ಕೂರುತ್ತಿದ್ದರಂತೆ.

ಮನೆಗೆ ಬಂದು ಅಮ್ಮಚ್ಚಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಎಂದಾ ಮೋನೇ, ಚೋರುಂಡೋ?"

ಅನ್ನ ಉಂಡೆಯಾ ಮಗನೇ ಎಂದು ಮೊಲವನ್ನು ಕೇಳುವುದೇ! ಆದರೆ ಗುಂಡನ ಎರಡೂ ಕಿವಿ ನೆಟ್ಟಗಾದವು. ಕುಪ್ಪಳಿಸಿ ಬಂದು ಫೋನಿಗೆ ಗಲ್ಲ ಉಜ್ಜಿದ.

"ನೀಯೋ ಮೋಳೇ?" ನೀನೋ ಮಗಳೇ ಎಂದು ಅಮ್ಮಚ್ಚಿ ನನ್ನನ್ನೂ ಕೇಳಿದರು. ಈ ಊರಿಗೆ ಬಂದ ಮೇಲೆ ನನ್ನ ಊಟ ಯಾರೂ ವಿಚಾರಿಸಿರಲಿಲ್ಲ.

ನಾಳೆಯಿಂದ ದಿನವೂ ಊಟದ ಹೊತ್ತಿಗೆ ಅಮ್ಮಚ್ಚಿಗೆ ಫೋನ್. ಗುಂಡನಿಗೋಸ್ಕರ ಎಂದು ಮನೆಯಲ್ಲಿ ಹೇಳಿದ್ದೇನೆ.