ಬೀಗ ಜೇಬಿನಲ್ಲಿಟ್ಟುಕೊಂಡ ದೊರೆ

ಪ್ರೆಸ್ಸಿನಲ್ಲಿ ನಾವೆಲ್ಲ ಅವನನ್ನು ದೊರೆ ಎನ್ನುತ್ತಿದ್ದೆವು. ಅವನು ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ಅವನನ್ನು ಅಲ್ಲಿಗೆ ಸೇರಿಸಿದ್ದು ಅಚ್ಚುಮೊಳೆ ಜೋಡಿಸುತ್ತಿದ್ದ ಅವನ ಸೋದರಮಾವ. ಮಾಲೀಕರು ಡಿ.ಟಿ.ಪಿ.ಗೆಂದು ಕಂಪ್ಯೂಟರ್ ತಂದಾಗ ಪುಟ ಕಟ್ಟುವ ಸಾಫ್ಟ್‌ವೇರ್ ಕಲಿತವನು ಇವನೊಬ್ಬನೇ. ತಲೆಗೆ ಕೊಂಬು ಬಂತು. ಇಡೀ ಕಟ್ಟಡದಲ್ಲಿ ಎ.ಸಿ. ಇದ್ದದ್ದು ಅವನ ಗಾಜಿನ ಕೋಣೆಗೆ ಮಾತ್ರ. ಕರಡು ತಿದ್ದುವ ನಾನೂ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಿತ್ತು. ಕಲೆಯೆಂದರೆ ಅವನಿಗೆ ಪ್ರತಿ ಶೀರ್ಷಿಕೆಗೂ ನೆರಳು, ಪುಟದ ಸುತ್ತ ಹೂಬಳ್ಳಿ. ಮಾಲೀಕರು ಮೊಳೆ ವಿಭಾಗ ಮುಚ್ಚಿ ಮಾವನನ್ನು ಮನೆಗೆ ಕಳಿಸಿದ ದಿನವೂ ಅವನು ಗಾಜಿನ ಹಿಂದೆ ಕೂತು ಅಕ್ಷರಕ್ಕೆ ನೆರಳು ಹಾಕುತ್ತಿದ್ದ. ತಲೆ ಎತ್ತಲಿಲ್ಲ.

ಆ ಸಾಫ್ಟ್‌ವೇರ್ ನಡೆಯಬೇಕಾದರೆ ಯಂತ್ರದ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಾಂಗಲ್ ಒಂದನ್ನು ಸಿಕ್ಕಿಸಬೇಕಿತ್ತು; ನಾವು ಅದನ್ನು ಬೀಗ ಎನ್ನುತ್ತಿದ್ದೆವು. ಸಂಜೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೇ ಹೋಗುತ್ತಿದ್ದ, ತಾನಿಲ್ಲದೆ ಒಂದಕ್ಷರವೂ ಅಚ್ಚಾಗಬಾರದೆಂದು.

ಕಾಲ ಕಳೆದು, ಆ ಸಾಫ್ಟ್‌ವೇರ್ ಮಾಡಿದ ಕಂಪನಿಯೇ ಅದರ ಕೈಬಿಟ್ಟಿತು. ಮಾಲೀಕರು, "ಹೊಸದು ಬಂದಿದೆಯಂತೆ, ಕಲ್ತ್ಕೊಳಪ್ಪಾ" ಎಂದರು.

"ಅದೆಲ್ಲ ಮಕ್ಕಳಾಟ ಸಾರ್. ನನಗೇ ಕಲಿಸೋಕೆ ಬರ್ತೀರಾ?" ಎಂದವನೇ ಬೀಗ ಕಿತ್ತುಕೊಂಡು ಮೆಟ್ಟಿಲಿಳಿದ. ಎದುರಾದ ನನಗೆ, "ನೋಡ್ತಿರಿ ಅಕ್ಕ, ಕಾಲಿಗೆ ಬೀಳ್ತಾ ಬರ್ತಾರೆ" ಎಂದ.

ಬೀಗ ಹೋಯಿತಲ್ಲ ಎಂದು ನಾನು ಗಾಬರಿಯಿಂದ ಹೇಳಿದರೆ ಮಾಲೀಕರು ನಕ್ಕುಬಿಟ್ಟರು. "ಬೀಗ ಹೋದ್ರೆ ಹೋಗ್ಲಿ ಬಿಡಮ್ಮ, ಬಾಗಿಲೇ ಲಡ್ಡಾಗಿತ್ತು."

ಬೈಂಡಿಂಗ್ ವಿಭಾಗದ ಹುಡುಗಿಯೊಬ್ಬಳು ಹೊಸದನ್ನು ಕ್ಲಾಸಿಗೆ ಹೋಗಿ ಕಲಿತಿದ್ದಳು. ಅವಳು ಆ ಕುರ್ಚಿಯಲ್ಲಿ ಕೂತಳು, ಚಪ್ಪಲಿ ಹಾಕಿಕೊಂಡೇ. ನೆರಳಿಲ್ಲದ ಅಕ್ಷರ ನೋಡಿ ನನ್ನ ಕಣ್ಣು ತಣ್ಣಗಾಯಿತು.

ದೊರೆಯ ಕಾಲಿಗೆ ಬೀಳಲು ಯಾರೂ ಹೋಗಲಿಲ್ಲ. ಕೊನೆಗೆ ಅವನೇ ಬಂದು, ಉಪಕಾರ ಮಾಡುವವನಂತೆ ಬೀಗವನ್ನು ಮೇಜಿನ ಮೇಲಿಟ್ಟ. ಮಾಲೀಕರು ಅದನ್ನು ತಿರುಗಿಸಿ ನೋಡಿದರು. "ಇದನ್ನ ಎಲ್ಲಿ ಸಿಕ್ಸೋಣಪ್ಪಾ? ಹೊಸ ಮೆಷಿನ್‌ಗೆ ಆ ತೂತೇ ಇಲ್ವಲ್ಲ."

"ಬನ್ನಿ ಅಣ್ಣ, ನಾನ್ ಹೇಳ್ಕೊಡ್ತೀನಿ, ಕಷ್ಟ ಏನಿಲ್ಲ," ಎಂದಳು ಹುಡುಗಿ.

"ಅಂಟು ಬಳಿಯೋಳ ಹತ್ರ ನಾನು ಕಲೀಬೇಕಾ?" ಎಂದು ಅವನು ಮುಖ ಗಂಟಿಕ್ಕಿಕೊಂಡು ಹೊರಟೇ ಹೋದ. ಅವಳು ಮತ್ತೆ ಕೆಲಸಕ್ಕೆ ತಿರುಗಿದಳು.

ಈಗ ಹೆಂಡತಿಯ ತಮ್ಮನ ಜೆರಾಕ್ಸ್ ಅಂಗಡಿಯಲ್ಲಿ ಕೂತಿರುತ್ತಾನೆ. ಮೊನ್ನೆ ನನಗೊಂದು ಪ್ರತಿ ತೆಗೆದುಕೊಟ್ಟ. ಅರ್ಧ ಸಾಲು ಹಾಳೆಯಿಂದಾಚೆ ಹೋಗಿತ್ತು. ತೋರಿಸಿದೆ. "ಈಗಿನವರಿಗೆ ಅಂಚಿನ ಬೆಲೆ ಏನು ಗೊತ್ತು ಅಕ್ಕ" ಎಂದು ಭಾಷಣ ಶುರುಮಾಡಿದ. ಕನಿಕರ ಹುಟ್ಟೀತೇನೋ ಎಂದು ಸ್ವಲ್ಪ ಹೊತ್ತು ನಿಂತು ನೋಡಿದೆ. ಹುಟ್ಟಲಿಲ್ಲ. ಪಕ್ಕದ ಅಂಗಡಿಗೆ ಹೋದೆ.