ಚಾದರದ ಆ ತುದಿ

ನಮ್ಮ ಚಿಕ್ಕಮ್ಮ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಅಮ್ಮ ತೀರಿಕೊಂಡ ಮೇಲಂತೂ ಕಾಲಿಗೆ ಚಕ್ರ ಕಟ್ಟಿಕೊಂಡವಳಂತಾದಳು. ಲಾಂಡ್ರಿಯಲ್ಲಿ ಅಕ್ಕತಂಗಿಯರಿಬ್ಬರದೂ ಒಂದೇ ಕೆಲಸವಾಗಿತ್ತು: ಆಸ್ಪತ್ರೆಯ ಚಾದರ ಮಡಿಸುವುದು. ಆಚೆ ತುದಿ ಅಮ್ಮನದು, ಈಚೆ ತುದಿ ಚಿಕ್ಕಮ್ಮನದು. ಮುಂದೆ ಬಂದು ತುದಿ ಒಪ್ಪಿಸಿ, ಹಿಂದೆ ಸರಿದು ಜಗ್ಗಿ, ಮತ್ತೆ ಮುಂದೆ. ಈಗ ಆಚೆ ತುದಿಯನ್ನು ಗೋಡೆಯ ಕೊಕ್ಕೆಗೆ ಸಿಕ್ಕಿಸಿ ಒಬ್ಬಳೇ ಮಡಿಸುತ್ತಾಳೆ.

ಒಂದು ಸಂಜೆ ಬೇಕರಿಯ ಮೇಲಿನ ಹಾಲ್‌ನಲ್ಲಿ ನಡೆಯುವ ನೃತ್ಯದ ತರಗತಿಗೆ ಸೇರಿ ಬಂದಳು.

"ಈ ವಯಸ್ಸಲ್ಲಿ ಕುಣಿಯೋಕೆ ಹೋಗ್ತೀಯಾ ಚಿಕ್ಕಮ್ಮ?" ಅಂದೆ.

"ಮನೇಲಿ ಕೂತ್ರೆ ಹುಚ್ಚು ಹಿಡಿಯುತ್ತೆ ಕಣೇ," ಅಂದಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಬೆಂಚಿನ ಮೇಲೆ ಕೂತು ನಗು ತಡೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ಟೀಚರ್ ಮೊದಲು ವಾಲ್ಟ್ಸ್ ಕಲಿಸಿದರು. ಒಂದು, ಎರಡು, ಮೂರು. ಜೋಡಿಯ ಕೈ ಹಿಡಿದು ಹಗುರಾಗಿ ಸುತ್ತಬೇಕು. ಚಿಕ್ಕಮ್ಮ ಮೂರು ಎನ್ನುತ್ತಿದ್ದಂತೆ ಹಿಂದೆ ಸರಿದು, ಜೋಡಿಯ ಎರಡೂ ಕೈಗಳನ್ನು ಚಾದರದಂತೆ ಜಗ್ಗುವಳು. ಪಾಪ, ಅವಳ ಜೋಡಿಯಾಗಿದ್ದ ಅಂಚೆಯಣ್ಣ ಮುಗ್ಗರಿಸುವನು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ನಾನು ಚುಡಾಯಿಸಿದರೆ, "ಡೊಂಕೇ ಇದೆ, ಬೇಕಾದ್ರೆ ನೀನೇ ನೋಡು!" ಎಂದು ಸಿಡುಕುವಳು.

ಕೊನೆಗೆ ಟೀಚರ್, "ಮುಂದಿನ ವಾರ ಪ್ರದರ್ಶನದ ಗುಂಪು ಆರಿಸ್ತೀನಿ. ಆಮೇಲೆ ಗುಂಪಿನವರಿಗೆ ಮಾತ್ರ ತರಗತಿ," ಅಂದುಬಿಟ್ಟರು. ಆ ವಾರವೆಲ್ಲ ಚಿಕ್ಕಮ್ಮ ಒಲೆಯ ಮುಂದೆ ಹೆಜ್ಜೆ ಹಾಕುತ್ತಾ ಹಾಲು ಉಕ್ಕಿಸಿದಳು. "ಇದೂ ಹೋದ್ರೆ ಸಂಜೆ ಎಲ್ಲಿಗೆ ಹೋಗ್ಲೇ?" ಎಂದು ಕೇಳಿದಳು. ನಾನು ಒಲೆ ಒರೆಸತೊಡಗಿದೆ.

ಆರಿಸುವ ದಿನವೂ ವಾಲ್ಟ್ಸ್ ಕೆಟ್ಟಿತು. ಆಮೇಲೆ ಟೀಚರ್ ಎಲ್ಲರ ಚಪ್ಪಲಿ ಬಿಡಿಸಿ, "ಹೆಜ್ಜೆ ಮರ್ತುಬಿಡಿ. ಮನಸ್ಸಲ್ಲಿರೋದನ್ನ ಮೈಯೇ ಹೇಳಲಿ," ಎಂದರು. ಒಬ್ಬರು ಮರವಾದರು, ಒಬ್ಬರು ಹಕ್ಕಿಯಾದರು. ಚಿಕ್ಕಮ್ಮ ಸುಮ್ಮನೆ ನಿಂತಳು. ಅವಳು ಹಾಗೆ ನಿಂತದ್ದನ್ನು ನಾನು ನೋಡಿಯೇ ಇರಲಿಲ್ಲ.

ಆಮೇಲೆ ಎರಡೂ ಕೈ ಎತ್ತಿ, ಬೆರಳುಗಳಲ್ಲಿ ಇಲ್ಲದ ಬಟ್ಟೆಯ ತುದಿ ಹಿಡಿದು ಮುಂದೆ ನಡೆದಳು, ತುದಿಗಳನ್ನು ಚಾಚಿದಳು. ತೆಗೆದುಕೊಳ್ಳುವವರಿಲ್ಲ. ಹಿಂದೆ ಸರಿದಳು, ಮತ್ತೆ ಬಂದು ಚಾಚಿದಳು.

ನಾನು ಚಪ್ಪಲಿ ಬಿಟ್ಟು ಓಡಿಹೋಗಿ ಆ ತುದಿಗಳನ್ನು ಹಿಡಿದುಕೊಂಡೆ.

"ಇಬ್ಬರೂ ಗುಂಪಿಗೆ ಬನ್ನಿ," ಎಂದರು ಟೀಚರ್. ಚಿಕ್ಕಮ್ಮನಿಗೆ ಅದು ಕೇಳಿಸಲೇ ಇಲ್ಲ. ಹಿಂದೆ ಸರಿದು ಜಗ್ಗಿದಳು.

"ಬಿಗಿಯಾಗಿ ಹಿಡಿಯೇ," ಎಂದು ಗದರಿದಳು. "ನಿಮ್ಮಮ್ಮ ಹೀಗೆ ಸಡಿಲ ಬಿಡ್ತಿರ್ಲಿಲ್ಲ."